ಟ್ರಾಕ್ಟರಿನ ಬ್ಯಾಟರಿಯ ಪಾಲನೆಯೂ ಎರವಲು ವಿದ್ಯುತ್ತಿನಿಂದ ಎಂಜಿನನ್ನು ಎಬ್ಬಿಸುವ ಕ್ರಮವೂ

ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಬೆಳಗ್ಗೆ ಗ್ರಾಮದಲ್ಲಿರುವ ಟ್ರಾಕ್ಟರುಗಳಿಗೆಲ್ಲ ಒಮ್ಮೆಲೇ ಕರೆ ಬರುವುದು. ಕೆಂಪು ನೆಲದ ಮೇಲ್ಪದರಿನಲ್ಲಿ ನಿಂತ ಹದವು ಬಿಸಿಲು ಗಾಳಿಗಳಿಗೆ ಸಿಕ್ಕಿ ಕೆಲವೇ ದಿನಗಳಲ್ಲಿ ಆರಿಹೋಗುವುದು. ಆ ದಿನಗಳೊಳಗೆ ಉತ್ತು ಹರಗಿ ಬಿತ್ತಿದವನ ಪೈರಿಗೂ, ಹದ ತಪ್ಪಿದ ಮೇಲೆ ಬಿತ್ತಿದವನ ಪೈರಿಗೂ ಇರುವ ತಾರತಮ್ಯವನ್ನು ಭೂಮಾಲೀಕರಿಗೆ ವಿವರಿಸಬೇಕಾದುದಿಲ್ಲ. ಅಂಥ ಬೆಳಗ್ಗೆಯೇ ಟ್ರಾಕ್ಟರಿನ ಬೀಗದಕೈಯನ್ನು ತಿರುಗಿಸಿದಾಗ ‘ಟಿಕ್’ ಎಂಬ ಸದ್ದೊಂದರ ಹೊರತು ಮತ್ತೇನೂ ಆಗದಿರುವುದು ಪ್ರತಿವರ್ಷವೂ ಅನೇಕ ಗ್ರಾಮಗಳಲ್ಲಿ ಕಂಡುಬರುವ ಸಂಗತಿ. ಆಮೇಲೆ ಪೇಟೆಗೆ ಆಳನ್ನು ಅಟ್ಟುವುದು, ನೆರೆಯವನ ಬ್ಯಾಟರಿಯನ್ನು ಬೇಡುವುದು, ಹತ್ತು ಜನ ಕೂಡಿ ಗಾಡಿಯನ್ನು ತಳ್ಳುವುದು, ಇವುಗಳಲ್ಲಿ ಅರ್ಧ ದಿನ ಕಳೆಯುವುದು. ಆ ಆತುರದಲ್ಲಿ ಕಣ್ಣು ಕಳೆದುಕೊಂಡವರೂ ಪ್ರಾಣವನ್ನೇ ತೆತ್ತವರೂ ಉಂಟು.

ಉಳುಮೆಯಿಲ್ಲದ ಬೇಸಗೆಯಲ್ಲಿ ಎತ್ತುಗಳಿಗೆ ಹುಲ್ಲು ನೀರು ನಿಲ್ಲಿಸಿ, ಮಳೆ ಬಿದ್ದ ದಿನ ನೊಗ ಹೂಡುವ ಒಕ್ಕಲಿಗನು ಯಾವ ಊರಲ್ಲಿಯೂ ಇರಲಾರನು. ಆದರೆ ಸುಗ್ಗಿ ಮುಗಿದ ಮೇಲೆ ಟ್ರಾಕ್ಟರನ್ನು ಬಯಲಿನಲ್ಲಿ ನಿಲ್ಲಿಸಿ ಎರಡು ಮೂರು ತಿಂಗಳು ಅದರ ಬ್ಯಾಟರಿಯನ್ನು ಕಣ್ಣೆತ್ತಿಯೂ ನೋಡದ ಯಜಮಾನರು ಬಹಳ ಮಂದಿ. ಬ್ಯಾಟರಿಯು ದುಡಿಯುವಾಗ ಸಾಯುವುದು ಅಪರೂಪ. ಸಾಮಾನ್ಯವಾಗಿ ಅದು ಸಾಯುವುದು ಸುಮ್ಮನೆ ನಿಂತಾಗ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕ್ರಮಗಳ ಕಾರಣವು ತಾನಾಗಿಯೇ ತಿಳಿಯುವುದು.

ಬ್ಯಾಟರಿಯ ಒಳಗಿನ ವ್ಯಾಪಾರ

ಟ್ರಾಕ್ಟರು, ಜೀಪು, ಕಾರು ಮೊದಲಾದವುಗಳಲ್ಲಿರುವುದು ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿ. ಇದನ್ನು ಮೊದಲು ರಚಿಸಿದವನು ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ, 1859ರಲ್ಲಿ. ಅಂದಿನಿಂದ ಅನೇಕ ಸುಧಾರಣೆಗಳಾಗಿದ್ದರೂ ಮೂಲತತ್ತ್ವವು ಬದಲಾಗಿಲ್ಲ. 12 ವೋಲ್ಟಿನ ಪೆಟ್ಟಿಗೆಯೊಳಗೆ ಆರು ಕೋಶಗಳು ಸಾಲಾಗಿರುವುವು. ಒಂದೊಂದು ಕೋಶವೂ ಪೂರ್ಣ ತುಂಬಿದಾಗ ಸುಮಾರು 2.1 ವೋಲ್ಟನ್ನು ಕೊಡುವುದು. ಕೋಶದಲ್ಲಿ ಸೀಸದ ಫಲಕಗಳೂ ಸೀಸದ ಆಕ್ಸೈಡು ಬಳಿದ ಫಲಕಗಳೂ ಒಂದರ ಪಕ್ಕದಲ್ಲೊಂದು ನಿಂತು, ನೀರು ಬೆರಸಿದ ಗಂಧಕಾಮ್ಲದಲ್ಲಿ ಮುಳುಗಿರುವುವು. ವಿದ್ಯುತ್ತನ್ನು ಸೆಳೆದಾಗ ಆಮ್ಲದಲ್ಲಿನ ಗಂಧಕಾಂಶವು ಎರಡು ಬಗೆಯ ಫಲಕಗಳಿಗೂ ಅಂಟಿ ಸೀಸದ ಸಲ್ಫೇಟಾಗುವುದು. ದ್ರವವು ಬರಬರುತ್ತ ನೀರಿನಂತಾಗುವುದು. ಪುನಃ ಚಾರ್ಜು ಮಾಡಿದರೆ ಗಂಧಕಾಂಶವು ಫಲಕವನ್ನು ಬಿಟ್ಟು ದ್ರವಕ್ಕೆ ಹಿಂದಿರುಗುವುದು.

ಆದರೆ ಫಲಕಕ್ಕೆ ಅಂಟಿದ ಸಲ್ಫೇಟು ವಾರಗಟ್ಟಲೆ ಹಾಗೆಯೇ ಉಳಿದರೆ, ಮೊದಲು ಸಣ್ಣ ಹರಳಾಗಿದ್ದುದು ದಪ್ಪ ಹರಳಾಗಿ ಗಟ್ಟಿಯಾಗುವುದು. ಗಟ್ಟಿಯಾದ ಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಪೂರ್ತಿಯಾಗಿ ಕರಗಲಾರದು. ಅಷ್ಟು ಫಲಕವು ನಿರುಪಯೋಗವಾದಂತೆಯೇ ಸರಿ. ಹೀಗೆ ಕೆಟ್ಟ ಬ್ಯಾಟರಿಯಲ್ಲಿ ಉಪ್ಪನ್ನೋ ಮಾತ್ರೆಯನ್ನೋ ಹಾಕಿ ಜೀವ ತರಿಸುವೆವೆಂದು ಹೇಳುವವರ ಮಾತನ್ನು ನಂಬಲಾಗದು.

ನಿಂತ ಬ್ಯಾಟರಿಯು ಖಾಲಿಯಾಗುವುದು ಹೇಗೆಂಬುದಕ್ಕೆ ಲೆಕ್ಕವೊಂದನ್ನು ನೋಡಬಹುದು. ಎಂಜಿನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು 200 ಆಂಪಿಯರಿನಂತೆ 5 ಸೆಕೆಂಡು ವಿದ್ಯುತ್ತನ್ನು ಸೆಳೆಯಿತೆಂದು ಇಟ್ಟುಕೊಂಡರೆ, ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಮೂರನೆಯ ಒಂದು ಪಾಲಿಗಿಂತಲೂ ಕಡಮೆ. ಆದರೆ 80 ಆಂಪಿಯರ್-ಗಂಟೆಯ ಬ್ಯಾಟರಿಯು ಏನೂ ಕೆಲಸ ಮಾಡದೆ ನಿಂತಿದ್ದರೂ ಸಾಧಾರಣ ಹವೆಯಲ್ಲಿ ತಿಂಗಳಿಗೆ ನೂರಕ್ಕೆ ಸುಮಾರು 5ರಷ್ಟನ್ನು, ಎಂದರೆ 4 ಆಂಪಿಯರ್-ಗಂಟೆಯನ್ನು, ತನ್ನೊಳಗೆ ತಾನೇ ಕಳೆದುಕೊಳ್ಳುವುದು. ಹನ್ನೆರಡು ಸಾರಿ ಎಂಜಿನನ್ನು ಎಬ್ಬಿಸುವಷ್ಟು ವಿದ್ಯುತ್ತು ಹೀಗೆ ಯಾರಿಗೂ ಉಪಯೋಗವಿಲ್ಲದೆ ಹೋದಂತಾಯಿತು. ಶಾಖವು 10 ಡಿಗ್ರಿ ಏರಿದರೆ ಈ ಸೋರಿಕೆಯು ಹೆಚ್ಚುಕಡಮೆ ಇಮ್ಮಡಿಯಾಗುವುದು. ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಸಾಮಾನ್ಯ. ಬಿಸಿಲಿನಲ್ಲಿ ನಿಂತ ಟ್ರಾಕ್ಟರಿನ ತಗಡಿನ ಮುಚ್ಚಳದ ಕೆಳಗೆ ಅದು ಇನ್ನೂ ಹೆಚ್ಚು. ಅಲ್ಲದೆ ಈಚಿನ ಟ್ರಾಕ್ಟರುಗಳಲ್ಲಿ ಗಡಿಯಾರ, ಮೀಟರು, ಗಾಡಿಯಿರುವ ಸ್ಥಳವನ್ನು ತೋರಿಸುವ ಉಪಕರಣ ಮೊದಲಾದವು ಹಗಲಿರುಳೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಹೀರುತ್ತಿರುವುವು.

ಆದಕಾರಣ ಹದಿನೈದು ದಿನಕ್ಕೆ ಮೇಲ್ಪಟ್ಟು ಟ್ರಾಕ್ಟರಿಗೆ ಕೆಲಸವಿಲ್ಲವೆಂದು ಕಂಡರೆ ಬ್ಯಾಟರಿಯ ಋಣಾಗ್ರದ ತಂತಿಯನ್ನು ಬಿಚ್ಚಿಡುವುದು ಯುಕ್ತ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸತಕ್ಕದ್ದು. ತಿಂಗಳಿಗೊಮ್ಮೆ ಬ್ಯಾಟರಿಯನ್ನು ಪರೀಕ್ಷಿಸಿ, ಕಡಮೆಯಿದ್ದರೆ ಚಾರ್ಜು ಮಾಡಿಸತಕ್ಕದ್ದು. ವಾರಕ್ಕೊಮ್ಮೆ ಎಂಜಿನನ್ನು ಐದು ನಿಮಿಷ ಸುಮ್ಮನೆ ಓಡಿಸಿ ನಿಲ್ಲಿಸುವ ವಾಡಿಕೆಯು ಕೆಲವರಲ್ಲಿದೆ. ನಿಧಾನವಾಗಿ ಓಡುವ ಎಂಜಿನಿನಿಂದ ಅಷ್ಟು ಹೊತ್ತಿನಲ್ಲಿ ಬ್ಯಾಟರಿಗೆ ಸೇರುವುದು ಬಹಳ ಸ್ವಲ್ಪ. ಮನಸ್ಸಿಗೆ ಸಮಾಧಾನವಾಗಬಹುದೇ ಹೊರತು ಬ್ಯಾಟರಿಗೆ ಹೊಟ್ಟೆ ತುಂಬಲಾರದು.

ಅಳತೆಯಿಂದ ತಿಳಿಯುವುದು

ನೂರಾರು ರೂಪಾಯಿಗಳಲ್ಲಿ ದೊರೆಯುವ ಮಲ್ಟಿಮೀಟರ್ ಒಂದನ್ನು ಪ್ರತಿಯೊಬ್ಬ ಟ್ರಾಕ್ಟರಿನ ಯಜಮಾನನೂ ಮನೆಯಲ್ಲಿಟ್ಟಿರಬೇಕು. ಎಂಜಿನನ್ನು ನಿಲ್ಲಿಸಿ ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಎರಡು ಅಗ್ರಗಳ ನಡುವೆ ಅಳೆದರೆ 12.6 ಅಥವಾ ಅದಕ್ಕೆ ಮೇಲೆ ತೋರಿದರೆ ಬ್ಯಾಟರಿಯು ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲುಭಾಗ ಉಳಿದಿದೆ. 12ಕ್ಕೆ ಇಳಿಯಿತೆಂದರೆ ‘ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲವೇ, ಸರಿಯಾಗಿಯೇ ಇದೆ’ ಎಂದು ತೃಪ್ತರಾಗುವವರು ಬಹಳ. ವಾಸ್ತವದಲ್ಲಿ ಅದು ಬರಿದಾಗುತ್ತಿರುವ ಬ್ಯಾಟರಿ. 12.4ಕ್ಕಿಂತ ಕೆಳಗಿಳಿದೊಡನೆಯೇ ಚಾರ್ಜಿಗೆ ಹಾಕತಕ್ಕದ್ದು. ಎಂಜಿನು ನಿಂತ ಕೂಡಲೆ ಅಳೆಯಲಾಗದು. ಆಗ ಸುಳ್ಳು ಹೆಚ್ಚಳವು ತೋರುವುದು.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ಹೈಡ್ರೋಮೀಟರಿನ ಪರೀಕ್ಷೆಯು ಇನ್ನೂ ಉತ್ತಮ. ತುಂಬಿದ ಕೋಶದ ದ್ರವವು, ತಯಾರಕರು ಹಾಕಿದ ಆಮ್ಲವನ್ನು ಅನುಸರಿಸಿ, 1.240ರಿಂದ 1.265ರವರೆಗೆ ತೋರುವುದು, 1.150ರ ಸುತ್ತಮುತ್ತ ತೋರಿದರೆ ಕೋಶವು ಬಹಳ ಮಟ್ಟಿಗೆ ಖಾಲಿ. ಆರು ಕೋಶಗಳೂ ಸಮನಾಗಿ ಕಡಮೆ ತೋರಿದರೆ ಚಿಂತೆಯಿಲ್ಲ, ಚಾರ್ಜು ಮಾಡಿದರೆ ಏಳುವುವು. ಐದು ಕೋಶಗಳು 1.240 ತೋರಿ ಒಂದು ಮಾತ್ರ 1.150 ತೋರಿದರೆ, ಚಾರ್ಜು ಮಾಡಿದ ಮೇಲೂ ಅದು ಹಾಗೆಯೇ ಉಳಿದರೆ, ಆ ಕೋಶವು ಸತ್ತಿದೆಯೆಂದು ತಿಳಿಯತಕ್ಕದ್ದು. ಜೊತೆಯಲ್ಲಿ ಒಂದು ಎತ್ತು ಮಲಗಿದ ಬಂಡಿಯಂತೆ ಅಂಥ ಬ್ಯಾಟರಿಯು ಮುಂದೆ ಸಾಗದು. ಅದಕ್ಕೆ ಹಣ ಸುರಿಯುವುದು ವ್ಯರ್ಥ.

ನೀರಿನ ವಿಷಯ. ಚಾರ್ಜಾಗುವಾಗ ದ್ರವದಲ್ಲಿನ ನೀರು ಜಲಜನಕ ಆಮ್ಲಜನಕಗಳಾಗಿ ಒಡೆದು ಹೋಗುವುದು. ಬಿಸಿಲಿಗೆ ಆರುವುದೂ ಉಂಟು. ಆಮ್ಲವು ಹೋಗುವುದಿಲ್ಲ. ಆದುದರಿಂದ ಕಡಮೆಯಾದಾಗ ಸೇರಿಸತಕ್ಕದ್ದು ಭಟ್ಟಿ ಇಳಿಸಿದ ನೀರು ಮಾತ್ರ. ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಎಂದು ಕೇಳಿದರೆ ಕೊಡುವರು. ಆಮ್ಲವನ್ನು ಎಂದಿಗೂ ಸೇರಿಸಕೂಡದು. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಸೀಮೆಗಳ ಆಳವಾದ ಕೊಳವೆ ಬಾವಿಗಳ ನೀರಿನಲ್ಲಿ ಲವಣಗಳು ಬಹಳವಾಗಿರುವುದರಿಂದ ಅದು ಫಲಕಗಳಿಗೆ ವಿಷದಂತೆ. ಕುಡಿಯುವ ಶುದ್ಧ ನೀರಿನ ಘಟಕದಿಂದ ತಂದ ನೀರೂ ಇದಕ್ಕೆ ತಕ್ಕುದಲ್ಲ. ಮನುಷ್ಯನಿಗೆ ಹಿತವಾದುದೆಲ್ಲ ಬ್ಯಾಟರಿಗೆ ಹಿತವೆಂದು ಭಾವಿಸಬಾರದು. ಫಲಕಗಳ ಮೇಲೆ 10ರಿಂದ 15 ಮಿಲಿಮೀಟರು ದ್ರವ ನಿಂತಿದ್ದರೆ ಸಾಕು. ಅಂಚಿನವರೆಗೆ ತುಂಬಿದರೆ ಆಮ್ಲವು ಉಕ್ಕಿ ಹೊರಬಂದು ತಂತಿಗಳನ್ನೂ ಪೀಠವನ್ನೂ ತಿಂದುಹಾಕುವುದು. ಬೇಸಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಿಕ್ಕ ಕಾಲದಲ್ಲಿ ತಿಂಗಳಿಗೊಮ್ಮೆ ನೋಡಿದರೆ ಸರಿಹೋಗುವುದು.

ಬ್ಯಾಟರಿ ಕೆಟ್ಟಿತೆಂದು ನಿರ್ಣಯಿಸುವ ಮೊದಲು

ಕೆಟ್ಟಿತೆಂದು ಬದಲಾಯಿಸಿದ ಬ್ಯಾಟರಿಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ದೋಷವಿರುವುದು ಅಗ್ರಗಳ ಮೇಲಿನ ಬಿಳಿ ಅಥವಾ ಹಸುರು ಬೂಷ್ಟಿನಲ್ಲಿ. ಆ ಪುಡಿಯೂ ಸಡಿಲಾದ ನಟ್ಟೂ ಸೇರಿ ವಿದ್ಯುತ್ತಿನ ದಾರಿಯಲ್ಲಿ 0.01 ಓಮ್ ತಡೆಯನ್ನುಂಟುಮಾಡಿದರೂ 200 ಆಂಪಿಯರು ಹರಿಯುವಾಗ 2 ವೋಲ್ಟು ಅಲ್ಲಿಯೇ ನಷ್ಟವಾಗುವುದು. ದೀಪ ಉರಿಯಲು ಐದಾರು ಆಂಪಿಯರು ಸಾಕಾದ್ದರಿಂದ ದೀಪವು ಚೆನ್ನಾಗಿಯೇ ಉರಿಯುವುದು. ಸ್ಟಾರ್ಟರು ಮಾತ್ರ ತಿರುಗದು. ‘ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಗಾಡಿ ಮಾತ್ರ ಏಳುವುದಿಲ್ಲ’ ಎಂಬ ದೂರಿನ ಗುಟ್ಟು ಬಹುಮಟ್ಟಿಗೆ ಇದೇ.

ಇದನ್ನು ಸರಿಪಡಿಸುವ ಕ್ರಮವು ಸುಲಭ. ಮೊದಲು ಋಣಾಗ್ರದ ತಂತಿಯನ್ನು, ಆಮೇಲೆ ಧನಾಗ್ರದ ತಂತಿಯನ್ನು ಬಿಚ್ಚಬೇಕು. ಕಟ್ಟುವಾಗ ಧನಾಗ್ರ ಮೊದಲು, ಋಣಾಗ್ರ ಕೊನೆಗೆ. ಈ ಕ್ರಮವು ಶಾಸ್ತ್ರಕ್ಕಾಗಿ ಹೇಳಿದುದಲ್ಲ. ಟ್ರಾಕ್ಟರಿನ ಒಡಲೆಲ್ಲವೂ ಋಣಾಗ್ರಕ್ಕೆ ಸೇರಿರುವುದರಿಂದ, ಧನಾಗ್ರವನ್ನು ಮೊದಲು ಬಿಚ್ಚುವಾಗ ಸ್ಪಾನರು ಒಡಲಿಗೆ ತಗುಲಿದರೆ ಆ ಸ್ಪಾನರೇ ಕೆಂಡವಾಗಿ ಕೈ ಸುಡುವುದು. ಬಿಚ್ಚಿದ ಮೇಲೆ ಅಡಿಗೆ ಸೋಡವನ್ನು ಕದಡಿದ ನೀರನ್ನು ಹಾಕಿ, ಹಳೆಯ ಬ್ರಷ್ಷಿನಿಂದ ಉಜ್ಜಬೇಕು. ಆ ನೀರು ಕೋಶದೊಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಬೇಕು. ಒಣಗಿಸಿ, ಮರಳುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕಟ್ಟಿದ ಮೇಲೆ ಹೊರಗಡೆ ವ್ಯಾಸಲೀನನ್ನು ತೆಳುವಾಗಿ ಹಚ್ಚಬೇಕು. ಎಂಜಿನಿಗೂ ಒಡಲಿಗೂ ಜೋಡಿಸಿರುವ ಋಣತಂತಿಯ ಇನ್ನೊಂದು ತುದಿಯನ್ನು ಯಾರೂ ನೋಡುವುದಿಲ್ಲ. ಅದು ಕೆಸರು, ಎಣ್ಣೆ, ತುಕ್ಕುಗಳಲ್ಲಿ ಮುಚ್ಚಿಹೋಗಿರುವುದು. ಅದನ್ನೂ ಇದೇ ರೀತಿ ಶುಚಿಮಾಡತಕ್ಕದ್ದು.

ಬೀಗದಕೈಯನ್ನು ತಿರುಗಿಸಿದಾಗ ಕೇಳಿಬರುವ ಸದ್ದಿನಿಂದಲೂ ದೋಷವನ್ನು ಬಹುಮಟ್ಟಿಗೆ ಗುರುತಿಸಬಹುದು. ‘ಟಿಕ್ ಟಿಕ್ ಟಿಕ್’ ಎಂದು ಬೇಗ ಬೇಗನೆ ಬಡಿದುಕೊಂಡರೆ ಬ್ಯಾಟರಿಯು ಬರಿದಾಗಿದೆ ಅಥವಾ ಅಗ್ರಗಳು ಸಡಿಲಾಗಿವೆ. ಒಂದೇ ಸಾರಿ ಗಟ್ಟಿಯಾಗಿ ‘ಟಕ್’ ಎಂದು ನಿಂತರೆ, ದೀಪದ ಬೆಳಕು ಕುಂದದಿದ್ದರೆ, ಸ್ಟಾರ್ಟರಿನಲ್ಲಿಯೇ ದೋಷವಿರಬಹುದು. ಯಾವ ಸದ್ದೂ ಇಲ್ಲದೆ ದೀಪಗಳು ಚೆನ್ನಾಗಿ ಉರಿಯುತ್ತಿದ್ದರೆ, ಕ್ಲಚ್ಚು ಅಥವಾ ಗೇರಿಗೆ ಜೋಡಿಸಿರುವ ರಕ್ಷಣೆಯ ಸ್ವಿಚ್ಚನ್ನು ನೋಡಬೇಕು; ಗೇರು ತಟಸ್ಥಕ್ಕೆ ಬಾರದಿದ್ದರೆ ಅದು ವಿದ್ಯುತ್ತನ್ನು ಬಿಡುವುದಿಲ್ಲ. ಎಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂಷಿಸಿ ಫಲವಿಲ್ಲ. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿದೆಯೇ, ಸೋಸುಕವು ಕಟ್ಟಿದೆಯೇ ಎಂದು ನೋಡಬೇಕು.

ಎಂಜಿನು ಕೆಲಸದ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯ ಅಗ್ರಗಳಲ್ಲಿ 13.8ರಿಂದ 14.5 ವೋಲ್ಟು ತೋರಬೇಕು. 13ಕ್ಕಿಂತ ಕಡಮೆಯಿದ್ದರೆ ಆಲ್ಟರ್ನೇಟರು ಚಾರ್ಜು ಮಾಡುತ್ತಿಲ್ಲ. ಬಹಳ ಸಾರಿ ಅದರ ಬೆಲ್ಟು ಸಡಿಲಾಗಿರುವುದೇ ಕಾರಣ. 15ನ್ನು ಮೀರಿದರೆ ಅತಿಯಾಗಿ ಚಾರ್ಜಾಗಿ ದ್ರವವು ಕುದಿಯುವುದು. ಪದೇ ಪದೇ ನೀರು ಬೇಡುವ ಬ್ಯಾಟರಿಯಿದ್ದರೆ ಈ ಪರೀಕ್ಷೆಯನ್ನು ಮಾಡಿಸಲೇಬೇಕು.

ಹಾಡಿನ ಪೆಟ್ಟಿಗೆಗಳ ವಿಷಯವಾಗಿಯೂ ಒಂದು ಮಾತನ್ನು ಹೇಳದೆ ನಿರ್ವಾಹವಿಲ್ಲ. ಜಾತ್ರೆಗೂ ಸುಗ್ಗಿಗೂ ಟ್ರಾಕ್ಟರುಗಳನ್ನು ಬಣ್ಣದ ದೀಪಗಳಿಂದಲೂ ದೊಡ್ಡ ದೊಡ್ಡ ಧ್ವನಿಪೆಟ್ಟಿಗೆಗಳಿಂದಲೂ ಅಲಂಕರಿಸುವ ಉತ್ಸಾಹವು ಯುವಕರಲ್ಲಿ ಹೆಚ್ಚಾಗಿದೆ. 55 ವಾಟಿನ ಎರಡು ದೀಪಗಳೇ 9 ಆಂಪಿಯರನ್ನು ಹೀರುವುವು. ಎಂಜಿನನ್ನು ನಿಲ್ಲಿಸಿ ನಾಲ್ಕು ಗಂಟೆ ಅವನ್ನು ಉರಿಸಿದರೆ 80 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಅರ್ಧಕ್ಕೆ ಸಮೀಪವಾಗಿ ಖರ್ಚಾಯಿತು. ಅದರ ಮೇಲೆ ಹಾಡು ಬೇರೆ. ಸ್ಟಾರ್ಟರಿಗಾಗಿ ಮಾಡಿದ ಬ್ಯಾಟರಿಯ ಫಲಕಗಳು ತೆಳು. ಕ್ಷಣಕಾಲ ಬಹಳ ವಿದ್ಯುತ್ತನ್ನು ಕೊಡುವುದಕ್ಕಾಗಿಯೇ ಹಾಗೆ ರಚಿಸಿರುವರು. ಅವು ಗಂಟೆಗಟ್ಟಲೆ ಸೆಳೆತವನ್ನು ಸಹಿಸಲಾರವು. ಮನೆಯ ಇನ್ವರ್ಟರಿನ ಬ್ಯಾಟರಿಯ ಫಲಕಗಳು ದಪ್ಪವಾಗಿದ್ದು ಗಂಟೆಗಟ್ಟಲೆಯ ಸೆಳೆತಕ್ಕೆ ಒಗ್ಗಿರುವುವು. ಅದನ್ನು ತಂದು ಟ್ರಾಕ್ಟರಿಗೆ ಕಟ್ಟುವುದೂ ತಕ್ಕುದಲ್ಲ.

ಎರವಲು ವಿದ್ಯುತ್ತು

ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಒಂದು ದಿನ ಬ್ಯಾಟರಿಯು ಕೈಕೊಟ್ಟರೆ, ಮತ್ತೊಂದು ಗಾಡಿಯ ಬ್ಯಾಟರಿಯಿಂದಲೋ ಜಂಪ್ ಸ್ಟಾರ್ಟರ್ ಎಂಬ ಒಯ್ಯುವ ಪೆಟ್ಟಿಗೆಯಿಂದಲೋ ಎಂಜಿನನ್ನು ಎಬ್ಬಿಸಬಹುದು. ಒಡೆದ, ಉಬ್ಬಿದ, ಒಳಗೆ ದ್ರವ ಆರಿಹೋದ ಬ್ಯಾಟರಿಗೆ ಮಾತ್ರ ಈ ಪ್ರಯೋಗವನ್ನು ಮಾಡಲೇಕೂಡದು. ಎರಡು ಗಾಡಿಗಳೂ 12 ವೋಲ್ಟಿನವೇ ಎಂದು ಖಚಿತಪಡಿಸಿಕೊಳ್ಳಬೇಕು. ಅನೇಕ ಲಾರಿಗಳು 24 ವೋಲ್ಟಿನವು. ಇಂಗ್ಲೆಂಡಿನಿಂದ ಬಂದ ಬಹಳ ಹಳೆಯ ಕೆಲವು ಟ್ರಾಕ್ಟರುಗಳಲ್ಲಿ ಧನಾಗ್ರವನ್ನೇ ಒಡಲಿಗೆ ಸೇರಿಸಿರುವುದುಂಟು. ಅಂಥವನ್ನು ಬಲ್ಲವರ ಕೈಗೆ ಬಿಡುವುದು ಮೇಲು.

ತಂತಿಯ ತಾಮ್ರದ ಅಡ್ಡಕೊಯ್ತವು 25 ಚದರ ಮಿಲಿಮೀಟರಿಗೆ ಕಡಮೆಯಿರಬಾರದು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವ ತಂತಿಗಳಲ್ಲಿ ದಪ್ಪವಾಗಿರುವುದು ರಬ್ಬರು, ಒಳಗಿನ ತಾಮ್ರವಲ್ಲ. ಎರಡು ಗಾಡಿಗಳ ಒಡಲುಗಳು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಎರಡರ ಎಂಜಿನನ್ನೂ ನಿಲ್ಲಿಸಿ, ಗೇರನ್ನು ತಟಸ್ಥಕ್ಕೆ ತಂದು, ಕೈಬ್ರೇಕನ್ನು ಬಿಗಿಯಬೇಕು. ಕೆಂಪು ತಂತಿಯ ಒಂದು ಕ್ಲಿಪ್ಪನ್ನು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ, ಇನ್ನೊಂದನ್ನು ಒಳ್ಳೆಯ ಬ್ಯಾಟರಿಯ ಧನಾಗ್ರಕ್ಕೆ ಕಚ್ಚಿಸಬೇಕು. ಆಮೇಲೆ ಕಪ್ಪು ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಾಗ್ರಕ್ಕೆ ಕಚ್ಚಿಸಿ, ಉಳಿದ ತುದಿಯನ್ನು ಬರಿದಾದ ಬ್ಯಾಟರಿಯ ಋಣಾಗ್ರಕ್ಕೆ ಕಚ್ಚಿಸದೆ, ಅದರಿಂದ ದೂರದಲ್ಲಿ, ಬಣ್ಣವಿಲ್ಲದ ಎಂಜಿನಿನ ಲೋಹಕ್ಕೆ ಕಚ್ಚಿಸಬೇಕು.

ಈ ಕೊನೆಯ ಮಾತನ್ನು ಬಹುಮಂದಿ ಲಕ್ಷಿಸುವುದಿಲ್ಲ. ಕೊನೆಯ ಕ್ಲಿಪ್ಪನ್ನು ತಗುಲಿಸುವಾಗ ಕಿಡಿ ಹಾರಿಯೇ ಹಾರುವುದು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕವು ಹೊರಡುವುದು. ಗಾಳಿಯಲ್ಲಿ ನೂರಕ್ಕೆ 4 ಪಾಲು ಅದು ಬೆರೆತರೆ ಕಿಡಿಗೆ ಸಿಡಿಯುವುದು. ಬ್ಯಾಟರಿಯ ಪೆಟ್ಟಿಗೆ ಸಿಡಿದು ಆಮ್ಲವೂ ಚೂರುಗಳೂ ಎರಚುವುದು ಬಗ್ಗಿ ನೋಡುತ್ತಿರುವವನ ಮುಖಕ್ಕೆ. ಕಿಡಿಯನ್ನು ಬ್ಯಾಟರಿಯಿಂದ ದೂರಕ್ಕೆ ಒಯ್ಯುವುದಕ್ಕಾಗಿಯೇ ಈ ಕ್ರಮ. ಹತ್ತಿರ ಬೀಡಿ ಸೇದಕೂಡದು, ಕತ್ತಲಾದರೆ ಬೆಂಕಿಕಡ್ಡಿ ಗೀರಿ ನೋಡಕೂಡದು, ಕಣ್ಣಿಗೆ ಕನ್ನಡಕವಿರಬೇಕು. ಆಮ್ಲವು ಕಣ್ಣಿಗೆ ಬಿದ್ದರೆ ತಡಮಾಡದೆ ಶುದ್ಧವಾದ ನೀರನ್ನು ಕಾಲು ಗಂಟೆಗೆ ಕಡಮೆಯಿಲ್ಲದಂತೆ ಹರಿಯಬಿಟ್ಟು ತೊಳೆದು, ಒಡನೆಯೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಾಲು, ಎಣ್ಣೆ, ಸುಣ್ಣದ ತಿಳಿ ಮೊದಲಾದುವನ್ನು ಕಣ್ಣಿಗೆ ಹಾಕಕೂಡದು.

ಒಳ್ಳೆಯ ಗಾಡಿಯ ಎಂಜಿನನ್ನು ಐದು ಹತ್ತು ನಿಮಿಷ ಓಡಿಸಿದರೆ ಬರಿದಾದ ಬ್ಯಾಟರಿಗೆ ಸ್ವಲ್ಪ ಬಲ ಬರುವುದು. ಆಮೇಲೆ ಆಸನದಲ್ಲಿ ಕುಳಿತೇ ಬೀಗದಕೈಯನ್ನು ತಿರುಗಿಸಬೇಕು. ಒಂದೇ ಸಮನೆ ಹತ್ತು ಸೆಕೆಂಡಿಗೆ ಮೀರಿ ತಿರುಗಿಸದೆ, ನಡುವೆ ಒಂದೆರಡು ನಿಮಿಷ ಬಿಡುವು ಕೊಡಬೇಕು. ಎಂಜಿನು ಎದ್ದ ಮೇಲೆ ಕ್ಲಿಪ್ಪುಗಳನ್ನು ಕಚ್ಚಿಸಿದುದಕ್ಕೆ ವಿರುದ್ಧ ಕ್ರಮದಲ್ಲಿ, ಎಂದರೆ ಎಂಜಿನಿನ ಲೋಹಕ್ಕೆ ಕಚ್ಚಿಸಿದ ಕಪ್ಪು ತುದಿಯಿಂದ ಮೊದಲುಗೊಂಡು, ಬಿಡಿಸಬೇಕು.

ಜಂಪ್ ಸ್ಟಾರ್ಟರಾದರೆ ನೆರೆಯವನ ಗಾಡಿಯ ಹಂಗಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಲಿಥಿಯಮ್ ಕೋಶಗಳಿರುವುವು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆದ ‘1000 ಆಂಪಿಯರ್’ ಎಂಬ ಅಂಕಿಗೆ ಮರುಳಾಗಬಾರದು. ಅದು ಕ್ಷಣಮಾತ್ರದ ಶಿಖರ. ಎಷ್ಟು ಲೀಟರಿನ ಡೀಸೆಲ್ ಎಂಜಿನಿಗೆ ತಕ್ಕುದೆಂದು ತಯಾರಕರು ಬರೆದಿರುವುದನ್ನು ನೋಡಬೇಕು. ಪೆಟ್ರೋಲಿನ ಸಣ್ಣ ಕಾರಿಗೆ ಸಾಕಾಗುವ ಪೆಟ್ಟಿಗೆಯು, ಎರಡೂವರೆ ಮೂರು ಲೀಟರಿನ ಡೀಸೆಲ್ ಎಂಜಿನುಳ್ಳ 40–50 ಅಶ್ವಶಕ್ತಿಯ ಟ್ರಾಕ್ಟರನ್ನು ಅಲುಗಿಸಲಾರದೆ ಹೋಗಬಹುದು.

ಈ ಪೆಟ್ಟಿಗೆಯೂ ಬ್ಯಾಟರಿಯೇ ಎಂಬುದನ್ನು ಕೊಂಡವರು ಮರೆಯುವರು. ಮೂರು ತಿಂಗಳಿಗೊಮ್ಮೆ ಚಾರ್ಜು ಮಾಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಬೇಕಾದ ದಿನ ಅದೂ ಮಲಗಿರುವುದು. ಟ್ರಾಕ್ಟರಿನ ಮೇಲಿನ ಸಾಮಾನಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಬಿಟ್ಟರೆ ಅದರ ಆಯುಸ್ಸು ಬೇಗನೆ ಕ್ಷಯಿಸುವುದಲ್ಲದೆ ಅಪಾಯವೂ ಉಂಟು. ಮನೆಯೊಳಗೆ ತಂಪಾದ ಒಣ ಸ್ಥಳದಲ್ಲಿರಬೇಕು, ಆದರೆ ಹುಲ್ಲು, ಹತ್ತಿ, ಹಾಸಿಗೆಗಳ ಹತ್ತಿರ ಬೇಡ. ರಾತ್ರಿ ಮಲಗಿದ ಮೇಲೆ ಚಾರ್ಜಿಗೆ ಬಿಡುವುದೂ ಬೇಡ.

ಅದು ಚಾರ್ಜಾಗದಿದ್ದರೆ ಮೊದಲು ಅನುಮಾನಿಸತಕ್ಕದ್ದು ತಂತಿಯನ್ನು. ಬೇರೊಂದು ತಂತಿಯಿಂದ ಪರೀಕ್ಷಿಸಿದರೆ ಹಲವು ವೇಳೆ ದೋಷವು ಅಲ್ಲಿಗೇ ತೀರುವುದು. ಕ್ಲಿಪ್ಪನ್ನು ಕಚ್ಚಿಸಿದಾಗ ಕೆಂಪು ದೀಪ ಹತ್ತಿ ಕೂಗಿದರೆ ಧನ ಋಣಗಳು ಅದಲುಬದಲಾಗಿರಬೇಕು. ಯಾವ ದೀಪವೂ ಹತ್ತದಿದ್ದರೆ ಟ್ರಾಕ್ಟರಿನ ಬ್ಯಾಟರಿಯು ಪೂರ್ಣ ಬರಿದಾಗಿ, ಪೆಟ್ಟಿಗೆಯ ಬುದ್ಧಿಗೆ ಬ್ಯಾಟರಿಯೊಂದು ಇದೆಯೆಂಬುದೇ ತೋರಿಲ್ಲ. ಇಂಥ ಸಂದರ್ಭಕ್ಕಾಗಿ ‘ಬೂಸ್ಟ್’ ಎಂಬ ಗುಂಡಿಯನ್ನು ಕೆಲವದರಲ್ಲಿ ಇಟ್ಟಿರುವರು. ಅದನ್ನು ಒತ್ತಿದೊಡನೆ ತಪ್ಪು ಜೋಡಣೆಯಿಂದ ಕಾಪಾಡುವ ಏರ್ಪಾಡುಗಳು ನಿಂತುಹೋಗುವುದರಿಂದ, ಧನ ಋಣಗಳನ್ನು ಎರಡು ಸಾರಿ ನೋಡಿಕೊಂಡ ಮೇಲಲ್ಲದೆ ಒತ್ತಲಾಗದು. ಪೂರ್ಣ ಚಾರ್ಜು ತೋರಿಸಿಯೂ ಎಂಜಿನನ್ನು ತಿರುಗಿಸದಿದ್ದರೆ ಕ್ಲಿಪ್ಪು ಕಚ್ಚಿದ ಸ್ಥಳದ ಬೂಷ್ಟನ್ನು ಕೆರೆದು ನೋಡಬೇಕು. ಪ್ರಯತ್ನಕ್ಕೆ ಮೂರು ನಾಲ್ಕು ಸೆಕೆಂಡಿನಂತೆ ಎರಡು ಮೂರು ಸಾರಿ ಆದ ಮೇಲೆ ಪೆಟ್ಟಿಗೆಯನ್ನು ತಣಿಯಲು ಬಿಟ್ಟು, ಎಂಜಿನು ಎದ್ದ ಅರ್ಧ ನಿಮಿಷದೊಳಗೆ ಕ್ಲಿಪ್ಪುಗಳನ್ನು ತೆಗೆಯಬೇಕು. ಹೊಟ್ಟೆ ಉಬ್ಬಿದ ಪೆಟ್ಟಿಗೆಯನ್ನು ಮತ್ತೆ ಚಾರ್ಜು ಮಾಡಕೂಡದು, ಚುಚ್ಚಕೂಡದು, ಮನೆಯೊಳಗೆ ಇಡಕೂಡದು. ಬೆಲೆ ಹೆಚ್ಚೆಂದು ತೋರುವ ಸಣ್ಣ ಹಿಡುವಳಿದಾರರಿಗಾಗಿ ಗ್ರಾಮದ ಸಹಕಾರ ಸಂಘದಲ್ಲಿ ಒಂದನ್ನು ಇರಿಸಿ, ಅದನ್ನು ಚಾರ್ಜು ಮಾಡುವ ಹೊಣೆಯನ್ನು ಒಬ್ಬರಿಗೆ ವಹಿಸಿದರೆ ಇಡೀ ಊರಿಗೆ ಉಪಯೋಗವಾಗುವುದು. ಈ ಏರ್ಪಾಡು ಗ್ರಾಮದ ಮುಖಂಡರ ಕೈಯಲ್ಲಿದೆ.

ಮಾಡಲೇಬಾರದ ಒಂದು ಕೆಲಸ

ಸ್ಟಾರ್ಟರ್ ಮೋಟಾರಿನ ಎರಡು ತಿರುಪುಗಳಿಗೆ ಸ್ಪಾನರನ್ನೋ ಸ್ಕ್ರೂಡ್ರೈವರನ್ನೋ ಅಡ್ಡಲಾಗಿ ಒತ್ತಿ ಎಂಜಿನನ್ನು ಎಬ್ಬಿಸುವ ಪದ್ಧತಿಯು ಹಳ್ಳಿಹಳ್ಳಿಗಳಲ್ಲಿಯೂ ಇದೆ. ಹಾಗೆ ಮಾಡುವವರನ್ನು ಜಾಣರೆಂದು ಜನರು ಹೊಗಳುವುದೂ ಉಂಟು. ಟ್ರಾಕ್ಟರು ಗೇರಿನಲ್ಲಿರುವಾಗ ಎಂಜಿನು ಏಳದಂತೆ ತಡೆಯುವ ರಕ್ಷಣೆಯ ಸ್ವಿಚ್ಚನ್ನು ಈ ಪದ್ಧತಿಯು ದಾಟಿಹೋಗುವುದು. ಗೇರು ಹಾಕಿದ್ದುದು ಮರೆತಿದ್ದರೆ ಎಂಜಿನು ಎದ್ದ ಕ್ಷಣವೇ ಟ್ರಾಕ್ಟರು ಮುಂದಕ್ಕೆ ನುಗ್ಗುವುದು. ಒತ್ತುತ್ತಿರುವವನು ನಿಂತಿರುವುದು ಸರಿಯಾಗಿ ಹಿಂದಿನ ದೊಡ್ಡ ಚಕ್ರದ ಮುಂದೆ. ಆಸನದಲ್ಲಿ ಬ್ರೇಕು ಹಾಕುವವರು ಯಾರೂ ಇಲ್ಲ. ತಪ್ಪಿಸಿಕೊಳ್ಳಲು ಹೊತ್ತೂ ಇಲ್ಲ. ಈ ರೀತಿಯಲ್ಲಿ ಒಕ್ಕಲಿಗರು ಸತ್ತಿರುವರು. ಯಜಮಾನರು ತಮ್ಮ ಚಾಲಕರಿಗೆ ಇದನ್ನು ಖಡಾಖಂಡಿತವಾಗಿ ನಿಷೇಧಿಸಬೇಕು. ಬಿತ್ತನೆಯು ಒಂದು ದಿನ ತಡವಾದರೆ ಆಗುವ ನಷ್ಟಕ್ಕೆ ಲೆಕ್ಕವುಂಟು.

ಎಂಜಿನು ಎದ್ದ ಮೇಲೆ

ಎರವಲು ವಿದ್ಯುತ್ತಿನಿಂದ ಎಂಜಿನು ಎದ್ದಿತೆಂದರೆ ಬ್ಯಾಟರಿಯು ತುಂಬಿತೆಂದು ಅರ್ಥವಲ್ಲ. ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಮರುದಿನ ಮತ್ತೆ ಅದೇ ಪಾಡು. ಅಂದು ಸಂಜೆಯೇ ಬ್ಯಾಟರಿಯನ್ನು ಇಳಿಸಿ ಚಾರ್ಜಿಗೆ ಹಾಕುವುದು ಒಳ್ಳೆಯದು. ಚಾರ್ಜಿನ ಪ್ರಮಾಣವು ಬ್ಯಾಟರಿಯ ಶಕ್ತಿಯ ಹತ್ತರಲ್ಲಿ ಒಂದು ಪಾಲಿರಬೇಕು. 80 ಆಂಪಿಯರ್-ಗಂಟೆಯದಕ್ಕೆ 8 ಆಂಪಿಯರಿನಂತೆ, ಪೂರ್ಣ ಬರಿದಾಗಿದ್ದರೆ ಹತ್ತು ಹನ್ನೆರಡು ಗಂಟೆ. ಪೇಟೆಯಲ್ಲಿ ಎರಡು ಗಂಟೆಯಲ್ಲಿ ತುಂಬಿಕೊಡುವೆವೆಂದು ಹೇಳುವವರಿಗೆ ಒಪ್ಪಿಸಿದರೆ ಫಲಕಗಳು ಕಾದು ಬಾಗುವುವು. ಚಾರ್ಜು ಮಾಡುವ ಕೋಣೆಗೆ ಗಾಳಿ ಆಡುತ್ತಿರಬೇಕು. ಕ್ಲಿಪ್ಪು ತೆಗೆಯುವ ಮುನ್ನ ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕು. ಪೂರ್ಣ ಚಾರ್ಜು ಮಾಡಿಸಿ ಒಂದು ರಾತ್ರಿ ಬಿಟ್ಟು ಅಳೆದಾಗ 12.4 ಕೂಡ ನಿಲ್ಲದಿದ್ದರೆ, ಅಥವಾ ಸ್ಟಾರ್ಟರು ತಿರುಗುವಾಗ 9.5 ವೋಲ್ಟಿಗಿಂತ ಕೆಳಗಿಳಿದರೆ, ಅದನ್ನು ಬದಲಾಯಿಸುವ ಕಾಲ ಬಂದಿತು. ಚೆನ್ನಾಗಿ ನೋಡಿಕೊಂಡ ಬ್ಯಾಟರಿಯು ಮೂರರಿಂದ ಐದು ವರ್ಷ ಬಾಳುವುದು. ಬೇಸಗೆಯಲ್ಲಿ ಬರಿದಾಗಿ ನಿಂತುದು ಒಂದೂವರೆ ವರ್ಷದಲ್ಲಿಯೇ ಮುಗಿಯುವುದುಂಟು.

ಹಳೆಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಆಗಿರುವುದರಿಂದ ಹೊಸದನ್ನು ಕೊಳ್ಳುವಾಗ ವ್ಯಾಪಾರಿಯು ಅದಕ್ಕೆ ಬೆಲೆ ಕಳೆದುಕೊಡುವನು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಹಳೆಯ ಬ್ಯಾಟರಿಗಳನ್ನು ಮನೆಯ ಕಸದೊಡನೆ ಬೆರಸದೆ ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಕೆದಾರನ ಕರ್ತವ್ಯ. ಕೆಲವು ಕಡೆ ಹಿತ್ತಿಲಿನಲ್ಲಿಯೇ ಬ್ಯಾಟರಿಯನ್ನು ಒಡೆದು, ಆಮ್ಲವನ್ನು ಚರಂಡಿಗೆ ಸುರಿದು, ಒಲೆಯ ಮೇಲೆ ಸೀಸವನ್ನು ಕರಗಿಸಿ ಬಲೆಗೆ ಗುಂಡು ಮಾಡಿಕೊಳ್ಳುವರು. ಆ ಹೊಗೆಯೂ ಧೂಳೂ ಮಣ್ಣಿನಲ್ಲಿ ಉಳಿದು, ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ ಸೇರಿ ಬುದ್ಧಿಶಕ್ತಿಯನ್ನು ಕುಂದಿಸುವುದು. ಮಕ್ಕಳಿಗೆ ಇಷ್ಟು ಸೀಸವಾದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಗ್ರಾಮದಲ್ಲಿ ಇಂಥ ಒಡೆಯುವ ಕೆಲಸ ನಡೆಯುತ್ತಿರುವುದು ಕಂಡರೆ ಮುಖಂಡರು ಅದನ್ನು ನಿಲ್ಲಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸತಕ್ಕದ್ದು.